ಮಾವನವರ ಸ್ವಚ್ಛತಾ ಅಭಿಯಾನ

ರಾಜಾಜಿನಗರದ ನಮ್ಮ ಮಾವನವರಿಗೆ ಕಸ ಕಂಡರೆ ಆಗದು. ಹಸಿ ಕಸ, ಒಣ ಕಸ ಬೇರೆ ಮಾಡುವ ವಿಷಯದಲ್ಲಿ ಇಡೀ ಬೀದಿಗೆ ಅವರೇ ಮೇಷ್ಟ್ರು. ಅವರ ಹಳೇ ಲ್ಯಾಪ್‌ಟಾಪಿಗೆ ಎಸ್.ಪಿ. ರೋಡಿನಿಂದ 120 ಜಿಬಿಯ ಎಸ್‌ಎಸ್‌ಡಿ ಡಿಸ್ಕ್ ತಂದು, ಉಬುಂಟು ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಹಾಕಿಕೊಟ್ಟಿದ್ದೆ.

ಮೊನ್ನೆ ಡಿಸ್ಕಿನಲ್ಲಿ ಜಾಗ ಕಡಿಮೆಯಿದೆ ಎಂದು ಲ್ಯಾಪ್‌ಟಾಪ್ ಗೊಣಗಿತು. ಬೇರೆಯವರಾದರೆ ನನಗೆ ಫೋನ್ ಮಾಡುತ್ತಿದ್ದರು. ಮಾವನವರು ಮೊದಲು ಪೊರಕೆ ಹಿಡಿದು, ಆಮೇಲೆ ಫೋನ್ ಮಾಡಿದರು.

"ಸ್ನ್ಯಾಪ್ ಅಂತ ಒಂದು ಫೋಲ್ಡರ್ ಇತ್ತು. ನಾನಂತೂ ಇಟ್ಟಿದ್ದಲ್ಲ. ತೆಗೆದುಬಿಟ್ಟೆ. ಈಗ ಫೈರ್‌ಫಾಕ್ಸ್ ನನ್ನ ಮುಖ ನೋಡೇ ಇಲ್ಲ ಅನ್ನೋ ಥರ ಆಡ್ತಿದೆ ನೋಡಿ."

ಆಡದೇ ಇನ್ನೇನು? ಉಬುಂಟು 22.04ರಿಂದ ಫೈರ್‌ಫಾಕ್ಸ್ ಬ್ರೌಸರ್ ಬರುವುದೇ ಸ್ನ್ಯಾಪ್ ರೂಪದಲ್ಲಿ, ಅಂದರೆ ತನಗೆ ಬೇಕಾದ್ದನ್ನೆಲ್ಲ ಜೊತೆಗೇ ಕಟ್ಟಿಕೊಂಡು ಬರುವ ಪ್ಯಾಕೇಜಾಗಿ. ಅವರ ಬುಕ್‌ಮಾರ್ಕು, ಪಾಸ್‌ವರ್ಡು, ಪಂಚಾಂಗದ ಪುಟ ಎಲ್ಲಾ ಆ ಫೋಲ್ಡರಿನ ಹೊಟ್ಟೆಯಲ್ಲೇ ಇದ್ದವು. ಪುಣ್ಯಕ್ಕೆ ಟ್ರ್ಯಾಶ್ ಖಾಲಿ ಮಾಡಿರಲಿಲ್ಲ. ಮನೆಗೆ ಹೋದೆ. ಫೈರ್‌ಫಾಕ್ಸ್ ಮುಚ್ಚಿ, ಹೊಸದಾಗಿ ಹುಟ್ಟಿಕೊಂಡಿದ್ದ ಸ್ನ್ಯಾಪ್ ಫೋಲ್ಡರನ್ನು ಪಕ್ಕಕ್ಕೆ ಸರಿಸಿ, ಹಳೆಯದನ್ನು ವಾಪಸ್ ತಂದೆ.

"ಅಷ್ಟೆಲ್ಲಾ ತೆಗೆದರೂ ಜಾಗ ಯಾಕೆ ಆಗಲಿಲ್ಲ?"

"ಟ್ರ್ಯಾಶ್ ಕೂಡ ಅದೇ ಡಿಸ್ಕಿನಲ್ಲೇ ಇರುತ್ತೆ ಮಾವ."

"ಕಸ ಮನೇಲೇ ಇಟ್ಕೊಂಡು ಗುಡಿಸಿದೆ ಅಂತಾನಾ ಇದು?" ಅವರಿಗೆ ನಿಜಕ್ಕೂ ಬೇಜಾರಾಯಿತು.

ನಿಜವಾದ ಕಸ ಇದ್ದದ್ದು ಅವರ ಕಣ್ಣಿಗೆ ಬೀಳದ ಕಡೆ. ಆಜ್ಞೆ ಟೈಪ್ ಮಾಡುವ ಟರ್ಮಿನಲ್ ತೆರೆದು 'ಸುಡೋ ಆಪ್ಟ್ ಕ್ಲೀನ್' ಹೊಡೆದೆ. ಅಪ್‌ಡೇಟ್ ಮಾಡಿದಾಗೆಲ್ಲ ಇಳಿದು ಉಳಿದುಕೊಂಡಿದ್ದ ಪ್ಯಾಕೇಜುಗಳು ಹೋದವು. ಸಿಸ್ಟಮ್ಮಿನ ಲಾಗುಗಳನ್ನೂ ಸ್ವಲ್ಪ ಕತ್ತರಿಸಿದೆ. ಯಾವ ಕಾಲದಲ್ಲಿ ಬ್ಲೂಟೂತ್ ಮುನಿಸಿಕೊಂಡಿತ್ತು ಅನ್ನೋದೆಲ್ಲ ಅದರಲ್ಲಿ ಬರೆದಿಟ್ಟಿರುತ್ತೆ, ಯಾರು ಓದ್ತಾರೆ? ಕೊನೆಗೆ 'ಆಟೋರಿಮೂವ್'. ಯಾರಿಗೂ ಬೇಡವಾದ ಲೈಬ್ರರಿಗಳು, ಹಳೇ ಕರ್ನಲ್‌ಗಳು (ಕರ್ನಲ್ ಅಂದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ತೆಗೆಯಬೇಕಾದವುಗಳ ಪಟ್ಟಿಯಲ್ಲಿ ಬಂದವು. ಪಟ್ಟಿ ಓದುವ ಮೊದಲೇ ಮಾವನವರ ಬೆರಳು 'ಹೌದು' ಅನ್ನುವ 'ವೈ' ಕೀ ಕಡೆಗೆ ಬಂತು. ತಡೆದೆ. ಈ ಪಟ್ಟಿ ಓದದೆ ಒತ್ತುವವರ ಹತ್ತಿರ ಲಿನಕ್ಸ್ ಇರಬಾರದು ಅಂತ ನನ್ನ ಅಭಿಪ್ರಾಯ.

ಎಲ್ಲ ಮುಗಿದ ಮೇಲೂ ಒಂದು ಹಳೇ ಕರ್ನಲ್ ಉಳಿದಿತ್ತು.

"ಅದ್ಯಾಕೆ ಇನ್ನೂ ಇದೆ?"

"ಇರಲಿ ಮಾವ. ಹೊಸದು ಕೈಕೊಟ್ಟರೆ ಹಳೆಯದರಿಂದ ಬೂಟ್ ಮಾಡಬಹುದು."

ಅಡುಗೆಮನೆಯಿಂದ ಅತ್ತೆಯ ದನಿ ಬಂತು. "ಕೇಳಿಸ್ತಾ? ಅಟ್ಟದ ಮೇಲಿನ ಹಳೇ ಕುಕ್ಕರ್ ಬಗ್ಗೆ ನಾನೂ ಇದನ್ನೇ ಹೇಳಿದ್ದು!"

ಮಾವನವರು ದನಿ ತಗ್ಗಿಸಿದರು. "ಆ ಕರ್ನಲ್ಲೂ ತೆಗೆದುಬಿಡಿ."