ಸೊಳ್ಳೆಗೋಸ್ಕರ ಒಂದು ಇಂಜೆಕ್ಷನ್

ನೈರೋಬಿಯಲ್ಲಿರುವ ಮಗ ಟಿಕೆಟ್ ಕಳಿಸಿದ ದಿನದಿಂದ ನನ್ನ ಕನಸಿನಲ್ಲಿ ಬರೀ ಸಿಂಹ, ಜಿರಾಫೆ. ಹೆಂಡತಿಯದು ಬೇರೆ ಲೆಕ್ಕ, ಚಟ್ನಿಪುಡಿ ಎಷ್ಟು, ಸಾರಿನಪುಡಿ ಎಷ್ಟು, ತೂಕ ಜಾಸ್ತಿಯಾದರೆ ನನ್ನ ಯಾವ ಬಟ್ಟೆ ತೆಗೆಯಬೇಕು ಅಂತ. ಅಷ್ಟರಲ್ಲಿ ಮಗ ಫೋನಿನಲ್ಲಿ, "ಅಪ್ಪಾ, ಹಳದಿ ಜ್ವರದ ಇಂಜೆಕ್ಷನ್ ಆಯ್ತಾ?" ಅಂದ.

ಪಕ್ಕದಲ್ಲಿ ದೊಡ್ಡಮ್ಮ ಕೂತಿದ್ದರು. ಹಳದಿ ಅಂದ ಕೂಡಲೇ ಅವರಿಗೆ ಕಾಮಾಲೆ. "ಅದಕ್ಯಾಕೋ ಸೂಜಿ? ನೆಲನೆಲ್ಲಿ ಅರೆದು ಮಜ್ಜಿಗೇಲಿ ಕುಡಿ" ಅಂದರು. ಅವರದು ಪೂರ್ತಿ ತಪ್ಪೇನಲ್ಲ. ಈ ಜ್ವರ ಜೋರಾದರೆ ಕಾಮಾಲೆ ಬಂದ ಹಾಗೇ ಕಣ್ಣು, ಮೈ ಹಳದಿಯಾಗುತ್ತದೆ, ಹೆಸರು ಬಂದದ್ದೂ ಅದರಿಂದಲೇ. ಆದರೆ ಇದು ಸೊಳ್ಳೆ ಹರಡುವ ವೈರಸ್. ಬಂದ ಮೇಲೆ ಕುಡಿಯುವುದಕ್ಕೆ ಇದಕ್ಕಂತಲೇ ಔಷಧಿ ಇಲ್ಲ, ನೆಲನೆಲ್ಲಿಯೂ ಅಲ್ಲ, ಇನ್ನೊಂದೂ ಅಲ್ಲ.

ಕೀನ್ಯಾದವರು ಕೇಳುತ್ತಾರೆ, ಅದಕ್ಕೇ ಚುಚ್ಚಿಸಿಕೊಳ್ಳಬೇಕು ಅಂತ ನಾನು ತಿಳಿದಿದ್ದೆ. ವಿಷಯ ಉಲ್ಟಾ. ಭಾರತದಿಂದ ನೇರವಾಗಿ ಹೋಗುವವರನ್ನು ಅವರು ಕೇಳುವುದಿಲ್ಲ, ನಮ್ಮಲ್ಲಿ ಆ ಜ್ವರವೇ ಇಲ್ಲವಲ್ಲ. ಕೇಳುವವರು ನಮ್ಮವರೇ, ಅದೂ ವಾಪಸ್ ಬರುವಾಗ. ಇಂಜೆಕ್ಷನ್ ಆಗಿದೆ ಅಂತ ಬರೆದುಕೊಡುವ ಹಳದಿ ಪುಸ್ತಕ ಇಲ್ಲದಿದ್ದರೆ ಸೊಳ್ಳೆ ಹೋಗದ ಜಾಗದಲ್ಲಿ 6 ದಿನದವರೆಗೂ ಕೂರಿಸಬಹುದು. ಯಾಕೆಂದರೆ ಜ್ವರ ಇಲ್ಲದಿದ್ದರೂ ಅದನ್ನು ಹೊರುವ ಸೊಳ್ಳೆ ನಮ್ಮ ಊರಲ್ಲಿ ಬೇಕಾದಷ್ಟಿದೆ. ಡೆಂಗಿ ಹರಡುವ, ಕಾಲಿಗೆ ಬಿಳಿ ಪಟ್ಟಿಯ ಅದೇ ಸೊಳ್ಳೆ. ನಾನು ಅಲ್ಲಿಂದ ರಕ್ತದಲ್ಲಿ ವೈರಸ್ ಇಟ್ಟುಕೊಂಡು ಬಂದು, ಅದು ನನ್ನನ್ನು ಕಚ್ಚಿ, ಆಮೇಲೆ ಪಕ್ಕದ ಮನೆಯವರನ್ನು ಕಚ್ಚಿದರೆ ಕತೆ ಮುಗಿಯಿತು. ಅಂದರೆ, ಸ್ವಲ್ಪ ಯೋಚಿಸಿ ನೋಡಿದರೆ, ನನ್ನಿಂದ ಬೆಂಗಳೂರಿನ ಸೊಳ್ಳೆಗಳಿಗೆ ಕಾಯಿಲೆ ಅಂಟದಿರಲಿ ಅಂತ ನಾನು ತೋಳು ಕೊಡಬೇಕು!

ಈ ಲಸಿಕೆ ಹಾಕುವ ಸರ್ಕಾರಿ ಕೇಂದ್ರಕ್ಕೆ ಮೊದಲ ಸಲ ಹೋದಾಗ ಇವತ್ತು ಹಾಕಲ್ಲ ಅಂತ ವಾಪಸ್ ಕಳಿಸಿದರು. ಎರಡನೇ ಸಲ ಬೆಳಗ್ಗೆಯೇ ಹೋಗಿ ಕೂತೆವು. ಆದರೂ ಕಾಯಬೇಕು. ಒಂದು ಸೀಸೆಯಲ್ಲಿ ಹಲವರಿಗಾಗುವಷ್ಟು ಲಸಿಕೆ ಇರುತ್ತದೆ, ಒಮ್ಮೆ ಕಲಸಿದರೆ 6 ಗಂಟೆಯೊಳಗೆ ಮುಗಿಸಬೇಕು, ಉಳಿದರೆ ಚೆಲ್ಲುವುದೇ. ಮದುವೆಮನೆಯಲ್ಲಿ ಪಂಕ್ತಿ ತುಂಬುವವರೆಗೆ ಎಲೆ ಮುಂದೆ ಸುಮ್ನೆ ಕೂತಿರುತ್ತೇವಲ್ಲ, ಹಾಗೆ ಕೂತೆವು.

ಪಂಕ್ತಿಯಲ್ಲಿ ಹಡಗಿನ ಕೆಲಸಕ್ಕೆ ಹೊರಟ ಇಬ್ಬರು ಹುಡುಗರು, ಫೋನ್ ಕೆಳಗಿಡದ ಒಬ್ಬ ಎಂಜಿನಿಯರು, ಮತ್ತೆ ಹುಣಸೂರು ಕಡೆಯ ಪಕ್ಷಿರಾಜಪುರದಿಂದ ಬಂದ ಒಂದು ಹಕ್ಕಿಪಿಕ್ಕಿ ಕುಟುಂಬ. ಎಣ್ಣೆ, ಗಿಡಮೂಲಿಕೆ ಮಾರಲು ಇವರ ಜನ ಆಫ್ರಿಕಾಕ್ಕೆ ಹೋಗುವ ವಿಷಯ ನನಗೆ ಗೊತ್ತಾದದ್ದೇ 2023ರಲ್ಲಿ, ಸುಡಾನ್ ಗಲಾಟೆಯಲ್ಲಿ ಸಿಕ್ಕಿಕೊಂಡಾಗ. ಅಲ್ಲಿದ್ದ ಹೆಂಗಸು ನಮ್ಮೆಲ್ಲರಿಗಿಂತ ತಿಳಿದವರು. ಅವರದು ಆಗಲೇ ಆಗಿತ್ತು, ಮಗನಿಗೆ ಹಾಕಿಸಲು ಬಂದಿದ್ದರು. "ಹತ್ತು ದಿನ ಆಗ್ಬೇಕು ಸಾರ್, ಅಲ್ಲೀವರ್ಗೂ ಪುಸ್ತಕ ನಡೆಯಲ್ಲ. ಟಿಕೆಟ್ ಯಾವತ್ತು?" ಅಂತ ನನ್ನನ್ನೇ ವಿಚಾರಿಸಿದರು. ಹದಿನಾಲ್ಕು ದಿನ ಇದೆ ಅಂದೆ. ತಲೆಯಾಡಿಸಿ ಪಾಸು ಮಾಡಿದರು.

ಒಳಗೆ ಮೊದಲು ವಯಸ್ಸಿನ ಪ್ರಶ್ನೆ. ಅರವತ್ತು ದಾಟಿದವರಿಗೆ ಈ ಲಸಿಕೆಯನ್ನು ನೋಡಿ, ಯೋಚಿಸಿ ಕೊಡುತ್ತಾರೆ. ಐವತ್ತೆಂಟು ಅಂದೆ. ಡಾಕ್ಟರು ನನ್ನ ತಲೆ ನೋಡಿದರು, ಪಾಸ್‌ಪೋರ್ಟ್ ನೋಡಿದರು, ಮತ್ತೆ ತಲೆ ನೋಡಿದರು. ಆಮೇಲೆ, "ಮೊಟ್ಟೆ ತಿಂದ್ರೆ ಅಲರ್ಜಿ ಏನಾದ್ರೂ ಆಗುತ್ತಾ?"

ನಮ್ಮದು ಮೊಟ್ಟೆ ತರದ ಮನೆ. "ಗೊತ್ತಿಲ್ಲ" ಅಂದಿದ್ದರೆ ಸರಿಹೋಗುತ್ತಿತ್ತು. "ಏನೂ ಆಗಲ್ಲ ಡಾಕ್ಟ್ರೇ" ಅಂತ ಬಾಯಿಗೆ ಬಂದೇ ಬಿಟ್ಟಿತು. ಹೆಂಡತಿ ನಿಧಾನವಾಗಿ ನನ್ನ ಕಡೆ ತಿರುಗಿದಳು. ಮೂವತ್ತು ವರ್ಷ ಆಫೀಸಿನ ಹಿಂದಿನ ಗಾಡಿಯಲ್ಲಿ ಗುಟ್ಟಾಗಿ ಉಳಿದಿದ್ದ ಆಮ್ಲೆಟ್ ಸರ್ಕಾರಿ ಡಾಕ್ಟರ ಮುಂದೆ ಬಯಲಾಯಿತು. ಇದಕ್ಕೆಲ್ಲ ಕಾರಣ ಮ್ಯಾಕ್ಸ್ ಥೈಲರ್ ಅನ್ನುವ ವಿಜ್ಞಾನಿ. 1930ರ ದಶಕದಲ್ಲಿ ಈ ಲಸಿಕೆ ಕಂಡುಹಿಡಿದು 1951ರಲ್ಲಿ ನೊಬೆಲ್ ತೆಗೆದುಕೊಂಡರು, ಇವತ್ತಿಗೂ ಅದು ಬೆಳೆಯುವುದು ಕೋಳಿಮೊಟ್ಟೆಯೊಳಗೆ. ಹೆಂಡತಿಯ ಸರದಿ ಬಂದಾಗ "ಮೊಟ್ಟೆ ತಿನ್ನಲ್ಲ" ಅಂದಳು. "ಕೇಕ್ ತಿಂದಿದ್ದೀರಾ?" ಅಂದರು ಡಾಕ್ಟರು. ಇವಳು ಸುಮ್ಮನಾದಳು. ನಾನು ತಿರುಗಿ ನೋಡಲಿಲ್ಲ, ನನಗೂ ಮರ್ಯಾದೆ ಇದೆ.

ಚುಚ್ಚಿದ್ದು ಗೊತ್ತೂ ಆಗಲಿಲ್ಲ. ಕೈಗೆ ಬಂದ ಹಳದಿ ಪುಸ್ತಕ ಮಾತ್ರ ಗಟ್ಟಿ ಆಸಾಮಿ. ಮುಂಚೆ 10 ವರ್ಷ ನಡೆಯುತ್ತಿತ್ತು, 2016ರ ಜುಲೈಯಿಂದ ಜೀವನಪೂರ್ತಿ. ಪಾಸ್‌ಪೋರ್ಟಿಗೂ ಇಲ್ಲದ ಭಾಗ್ಯ! ಹೆಂಡತಿ ಅದನ್ನು ಮನೆಪತ್ರದ ಜೊತೆ ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಹೊರಡುವ ದಿನ ಬೀಗದಕೈ ಹುಡುಕಿದ್ದು ಬೇರೆ ಕತೆ.

ಸಂಜೆ ದೊಡ್ಡಮ್ಮ ನನ್ನ ತೋಳು ನೋಡಿ, "ಇಷ್ಟೇನಾ?" ಅಂದು ರವಿಕೆಯ ತೋಳು ಸರಿಸಿ ತಮ್ಮದು ತೋರಿಸಿದರು. ಎಂಟಾಣೆ ಅಗಲದ ಎರಡು ಕಲೆ, ಸಿಡುಬಿಗೆ ಹಾಕಿದ್ದ ದಾಕು. "ದಾಕು ಹಾಕೋರು ಬಂದ್ರು ಅಂದ್ರೆ ಕಣಜದ ಹಿಂದೆ ಬಚ್ಚಿಟ್ಕೊಳ್ತಿದ್ವಿ. ಎಳ್ಕೊಂಡು ಬಂದು ಹಾಕ್ಸೋರು." ಆಗೆಲ್ಲ ವಿದೇಶಕ್ಕೆ ಹೋಗುವವರು ಸಿಡುಬಿನ ಸರ್ಟಿಫಿಕೇಟ್ ಹಿಡಿದು ಹೋಗುತ್ತಿದ್ದರು. 1980ರಲ್ಲಿ ಸಿಡುಬು ಭೂಮಿ ಮೇಲಿಂದಲೇ ತೊಲಗಿತು ಅಂತ ಸಾರಿದ ಮೇಲೆ ಆ ಕಾಗದವೂ ಹೋಯಿತು. ದೊಡ್ಡಮ್ಮ ಆ ತೋಳು ಹೊತ್ತು ಎಲ್ಲಿಗೂ ಹೋದವರಲ್ಲ, ಧರ್ಮಸ್ಥಳದಿಂದ ಆಚೆಗೆ.

ಸಿಂಹ ನೋಡಿದೆವು, ದೂರದಿಂದ, ಮಲಗಿತ್ತು. ವಾಪಸ್ ಬರುವಾಗ ಮುಂಬೈಯಲ್ಲಿ ಅಧಿಕಾರಿ ಹಳದಿ ಪುಸ್ತಕ ತೆಗೆದು, ಮುಚ್ಚಿ, ಕೈಯಲ್ಲೇ ಮುಂದೆ ಹೋಗಿ ಅಂದರು. ಎರಡು ಸೆಕೆಂಡು.

ಮಾರನೆಯ ಬೆಳಗ್ಗೆ ಜಗಲಿಯಲ್ಲಿ ಕಾಫಿ ಹಿಡಿದು ಕೂತಿದ್ದೆ. ಕಾಲಿಗೆ ಬಿಳಿ ಪಟ್ಟಿಯದೊಂದು ಬಂದು ಮೊಣಕೈ ಮೇಲೆ ಕೂತಿತು. ಇಷ್ಟೆಲ್ಲ ಓಡಾಡಿದ್ದು ಇದಕ್ಕೋಸ್ಕರ ಅಲ್ವಾ ಅನ್ನಿಸಿ ಎತ್ತಿದ ಕೈ ಒಂದು ಗಳಿಗೆ ಅಲ್ಲೇ ನಿಂತಿತು. ಆಮೇಲೆ ಹೊಡೆದೆ. ತಪ್ಪಿಸಿಕೊಂಡಿತು.