ರೋಯಿಂಗ್ ಯಂತ್ರದ ಪ್ರತಿರೋಧವನ್ನು ಗರಿಷ್ಠಕ್ಕೆ ಇಡಬೇಕೆಂಬ ಸಲಹೆ: ಒಂದು ಸ್ಪಷ್ಟನೆ

ಮನೆಯಲ್ಲಿ ಬಳಸುವ ಕಡಿಮೆ ಬೆಲೆಯ ರೋಯಿಂಗ್ ಯಂತ್ರದಲ್ಲಿ (ಕುಳಿತು, ದೋಣಿಗೆ ಹುಟ್ಟು ಹಾಕುವಂತೆ ಹಿಡಿಕೆಯನ್ನು ಎಳೆಯುವ ವ್ಯಾಯಾಮ ಯಂತ್ರ) ಪ್ರತಿರೋಧವನ್ನು, ಅಂದರೆ ಎಳೆತಕ್ಕೆ ಯಂತ್ರ ಒಡ್ಡುವ ತಡೆಯನ್ನು, ಗರಿಷ್ಠ ಮಟ್ಟಕ್ಕೆ ಇಟ್ಟು, ತೋಳುಗಳಿಂದ ಬಲವಾಗಿ ಎಳೆದರಷ್ಟೇ ವ್ಯಾಯಾಮದ ಪೂರ್ಣ ಫಲ ಸಿಗುತ್ತದೆ ಎಂಬ ಸಲಹೆಯೊಂದು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ಸರಿಯಲ್ಲ, ಹೊಸಬರ ಸೊಂಟಕ್ಕೆ ಅಪಾಯವನ್ನೂ ತರಬಲ್ಲದು.

ರೋಯಿಂಗ್‌ನಲ್ಲಿ ಬಲದ ದೊಡ್ಡ ಪಾಲು ಬರುವುದು ಕಾಲುಗಳಿಂದ. ಮೊದಲು ಪಾದಗಳಿಂದ ಯಂತ್ರದ ಪಾದಹಲಗೆಯನ್ನು ಒತ್ತಿ, ಕಾಲುಗಳು ಬಹುತೇಕ ನೀಳವಾದ ಮೇಲೆ ಬೆನ್ನನ್ನು ನೇರವಾಗಿಟ್ಟುಕೊಂಡೇ ಮೈಯನ್ನು ತುಸು ಹಿಂದಕ್ಕೆ ವಾಲಿಸಿ, ಕೊನೆಯಲ್ಲಿ ಹಿಡಿಕೆಯನ್ನು ಪಕ್ಕೆಲುಬುಗಳ ಕೆಳಭಾಗದವರೆಗೆ ಎಳೆದುಕೊಳ್ಳಬೇಕು. ಮರಳುವಾಗ ಕ್ರಮ ತಿರುವುಮುರುವು: ಮೊದಲು ಕೈ, ಆಮೇಲೆ ಮೈ, ಕೊನೆಗೆ ಕಾಲು. ಮಂಡಿಯನ್ನು ದಾಟಿಸಲು ಹಿಡಿಕೆಯನ್ನು ಮೇಲೆತ್ತಬೇಕಾಗಿ ಬಂದರೆ, ಕಾಲು ಬೇಗ ಮಡಚಿತೆಂದೇ ಅರ್ಥ. ಪ್ರತಿರೋಧ ಅತಿಯಾದಾಗ ಎಳೆಯುವಾಗ ಬೆನ್ನು ಬಾಗುವ ಸಂಭವವೂ ಹೆಚ್ಚುತ್ತದೆ. ನಿಜವಾದ ಕಾಳಜಿ ಬೇಕಿರುವುದು ಇಲ್ಲಿ.

ಕ್ರೀಡಾಪಟುಗಳು ಬಳಸುವ ಕಾನ್ಸೆಪ್ಟ್ ಟೂ ಯಂತ್ರದಲ್ಲಿ 1ರಿಂದ 10ರವರೆಗಿನ ಸನ್ನೆಕೋಲು ತಿರುಗುವ ಚಕ್ರಕ್ಕೆ ಎಷ್ಟು ಗಾಳಿ ಹೋಗಬೇಕೆಂಬುದನ್ನು ನಿಯಂತ್ರಿಸುತ್ತದೆ; ಗಾಳಿ ಹೆಚ್ಚಿದಷ್ಟೂ ಎಳೆತ ಭಾರವೆನಿಸುತ್ತದೆ. ನುರಿತವರೂ ಅದನ್ನು ಸಾಮಾನ್ಯವಾಗಿ 3ರಿಂದ 5ರ ನಡುವೆ ಇಡುತ್ತಾರೆ. ಗಾಳಿಯ ಬದಲು ಆಯಸ್ಕಾಂತದಿಂದ ಪ್ರತಿರೋಧ ಒಡ್ಡುವ ಅಗ್ಗದ ಯಂತ್ರಗಳ ರಚನೆ ಬೇರೆಯಾದ್ದರಿಂದ ಈ ಅಂಕಿಗಳನ್ನು ಅವಕ್ಕೆ ನೇರವಾಗಿ ಅನ್ವಯಿಸಲಾಗದು. ಅವುಗಳಲ್ಲಿ ಕೆಳಗಿನ ಮಟ್ಟದಿಂದ ಆರಂಭಿಸಿ, ನಿಮಿಷಕ್ಕೆ 18ರಿಂದ 24 ಎಳೆತಗಳಷ್ಟೇ ಇರಲಿ. ಮರಳಲು ಎಳೆತಕ್ಕಿಂತ ಹೆಚ್ಚು ಸಮಯ ಕೊಡಿ. ಈಗಾಗಲೇ ಸೊಂಟನೋವು ಇರುವವರು ವೈದ್ಯರನ್ನು ಕೇಳಿಯೇ ತೊಡಗಬೇಕು.