ಮುಚ್ಚಳ ತೆಗೆಯಲು ಯಾಕೆ ಅಂಜಬೇಕು?

ನಮ್ಮ ಗದಗಿನ ಕಡೆ ಮನೆಯ ಕಂಪ್ಯೂಟರನ್ನು ಟಿವಿಯ ಹಾಗೆ ನೋಡುತ್ತಾರೆ. ಮುಂಬೈಯಲ್ಲಿ ಹೊಲಿಗೆ ಮಷೀನಿನ ಹಾಗೆ ನೋಡುತ್ತಾರೆ. ಇಪ್ಪತ್ತೆರಡು ವರ್ಷದಿಂದ ಗೋರೆಗಾಂವ್‌ನಲ್ಲಿದ್ದು ವರ್ಷಕ್ಕೆರಡು ಸಲ ಊರಿಗೆ ಹೋಗಿಬರುವ ನನಗೆ ಕಂಡ ವ್ಯತ್ಯಾಸ ಇದು. ಟಿವಿ ಕೆಟ್ಟರೆ ಮನೆಯವರು ಯಾರೂ ಬಿಚ್ಚುವುದಿಲ್ಲ, ಮೆಕ್ಯಾನಿಕ್ ಬರುವತನಕ ಕಾಯುತ್ತಾರೆ. ಹೊಲಿಗೆ ಮಷೀನು ಹಾಗಲ್ಲ. ಅವ್ವನೇ ಎಣ್ಣೆ ಬಿಡುತ್ತಿದ್ದಳು, ಸೂಜಿ ಬದಲಿಸುತ್ತಿದ್ದಳು, ಬಾಬಿನ್ ಬಿಚ್ಚಿ ಒಳಗೆ ಸಿಕ್ಕಿಕೊಂಡ ದಾರದ ತುಣುಕು ತೆಗೆಯುತ್ತಿದ್ದಳು. ಶಿವರಾತ್ರಿಗೋ ಯುಗಾದಿಗೋ ಒಮ್ಮೆ ಪೂರ್ತಿ ಒರೆಸಿ ಇಡುತ್ತಿದ್ದಳು. ಆ ಮಷೀನು ಇವತ್ತಿಗೂ ಓಡುತ್ತದೆ. ಕಂಪ್ಯೂಟರೂ ಅದೇ ಜಾತಿಯದು ಎಂದು ನಾನು ಕಲಿತದ್ದು ಮುಂಬೈಯಲ್ಲಿ.

ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಪೂರ್ವಕ್ಕೆ ಇಳಿದು ನಡೆದರೆ ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಗಳಿರುವ ಲ್ಯಾಮಿಂಗ್ಟನ್ ರಸ್ತೆ ಸಿಗುತ್ತದೆ. ಬೋರ್ಡಿನ ಮೇಲೆ ಡಾ. ದಾದಾಸಾಹೇಬ್ ಭಡಕಮ್ಕರ್ ಮಾರ್ಗ ಎಂದಿದ್ದರೂ ಬಾಯಲ್ಲಿ ಹಳೆಯ ಹೆಸರೇ. ಮೊದಲ ಸಲ ಹೋದಾಗ ನಾನು ಕೇಳಿದ್ದು, ‘ಒಂದು ಒಳ್ಳೆಯ ಕಂಪ್ಯೂಟರ್ ಬೇಕು.’ ಕೌಂಟರಿನ ಹಿಂದಿದ್ದ ಹಿರಿಯರು ಬೆಲೆ ಹೇಳಲಿಲ್ಲ. ‘ಉಸ್‌ಪೇ ಕಾಮ್ ಕ್ಯಾ ಕರೋಗೆ?’ ಎಂದು ಕೇಳಿದರು. ಲೆಕ್ಕಪತ್ರ, ಟೈಪಿಂಗು, ಇಂಟರ್‌ನೆಟ್ಟು ಎಂದೆ. ಒಂದು ಚೀಟಿಯ ಮೇಲೆ ಪ್ರೊಸೆಸರ್, ಬೋರ್ಡು, ರ‍್ಯಾಮ್, ಹಾರ್ಡ್ ಡಿಸ್ಕ್, ಎಸ್‌ಎಂಪಿಎಸ್, ಕ್ಯಾಬಿನೆಟ್ ಎಂದು ಒಂದರ ಕೆಳಗೊಂದು ಬರೆದು, ಮುಂದೆ ಬೆಲೆ, ಅದರ ಮುಂದೆ ಎಷ್ಟು ವರ್ಷದ ವಾರಂಟಿ ಎಂದು ಬರೆದುಕೊಟ್ಟರು. ಆ ಚೀಟಿ ಹಿಡಿದು ಎದುರಿನ ಮೂರು ಅಂಗಡಿ ತಿರುಗಿದರೆ ಅಲ್ಲಿ ಯಾರಿಗೂ ಬೇಸರವಿಲ್ಲ, ಅದು ಅಲ್ಲಿನ ರೂಢಿ. ಕೊನೆಗೆ ಬಿಲ್ಲಿನ ಮೇಲೆ ಪ್ರತಿ ಭಾಗದ ಸೀರಿಯಲ್ ನಂಬರೂ ಬಂತು.

ಊರಲ್ಲಿ ಈ ಚೀಟಿ ಸಿಗುವುದಿಲ್ಲ. ‘ನಮ್ಮ ಹುಡುಗನ ಅದಾನ, ಪೂರಾ ಸೆಟ್ ಮಾಡಿ ಕೊಡ್ತಾನ’ ಎನ್ನುತ್ತಾರೆ. ಆ ನಂಬಿಕೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿದರೂ ಆ ಹುಡುಗ ಬರುತ್ತಾನೆ, ಮುಂಬೈಯಲ್ಲಿ ಹಾಗೆ ಯಾರು ಬರುತ್ತಾರೆ? ಆದರೆ ಇಡೀ ಸೆಟ್ಟಿಗೆ ಒಂದೇ ಬೆಲೆ ಎಂದಾಗ ಉಳಿತಾಯ ಎಲ್ಲಿ ಆಗಿದೆ ಎಂಬುದು ಕಾಣುವುದಿಲ್ಲ. ಬಹುತೇಕ ಅದು ಎಸ್‌ಎಂಪಿಎಸ್‌ನಲ್ಲೇ ಆಗಿರುತ್ತದೆ. ಗೋಡೆಯ 230 ವೋಲ್ಟನ್ನು 12, 5, 3.3 ವೋಲ್ಟಿಗೆ ಇಳಿಸಿ ಒಳಗಿನ ಎಲ್ಲದಕ್ಕೂ ಉಣ್ಣಿಸುವುದು ಅದು. ಕ್ಯಾಬಿನೆಟ್ಟಿನ ಜೊತೆ ಪುಕ್ಕಟೆ ಬರುವ ಡಬ್ಬಿಯ ಮೇಲೆ 450 ವ್ಯಾಟ್ ಎಂದು ದೊಡ್ಡದಾಗಿ ಬರೆದಿರುತ್ತದೆ, ಎತ್ತಿ ನೋಡಿದರೆ ಖಾಲಿ ಡಬ್ಬಿಯಷ್ಟು ಹಗುರ. ವೋಲ್ಟೇಜ್ ಏರಿಳಿಯುವ ಊರಿಗೆ ಅದನ್ನೇ ಹಾಕಿ ಕೊಡುತ್ತಾರಲ್ಲ, ಅದು ನನಗೆ ಸಂಕಟ. ಪ್ರೊಸೆಸರ್ ಒಂದು ಮೆಟ್ಟಿಲು ಕೆಳಗಿನದಾದರೂ ಅಡ್ಡಿಯಿಲ್ಲ, ಕರೆಂಟನ್ನು ಹೆಚ್ಚು ಪೋಲು ಮಾಡುವುದಿಲ್ಲ ಎಂದು ಹೇಳುವ 80 ಪ್ಲಸ್ ಗುರುತಿರುವ ಎಸ್‌ಎಂಪಿಎಸ್ ತಗೊಳ್ಳಿ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ.

ಬೆಂಗಳೂರಿನ ಎಸ್.ಪಿ. ರಸ್ತೆ ಬಲ್ಲವರು ‘ಇದೇನು ಮಹಾ, ನಮ್ಮಲ್ಲೂ ಚೀಟಿ ಬರೆದುಕೊಡುತ್ತಾರೆ’ ಎನ್ನಬಹುದು. ನಿಜ. ನಾನು ಹೇಳುತ್ತಿರುವುದು ಅಂಥ ರಸ್ತೆ ಇಲ್ಲದ ಊರುಗಳ ಮಾತು.

2025ರ ದೀಪಾವಳಿಗೆ ಊರಿಗೆ ಹೋದಾಗ ಅಕ್ಕನ ಮನೆಯಲ್ಲಿ ಕಂಪ್ಯೂಟರಿನದೇ ಮಾತು. ಅದಕ್ಕೆ ಒಂದು ವಾರ ಮೊದಲು, ಅಕ್ಟೋಬರ್ 14ಕ್ಕೆ, ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸುರಕ್ಷಾ ಅಪ್‌ಡೇಟುಗಳು ಮಾಮೂಲಿನಂತೆ ಬರುವುದು ಮುಗಿದಿತ್ತು. ಅಕ್ಕನದು ಇಂಟೆಲ್‌ನ ಆರನೇ ತಲೆಮಾರಿನ ಐ3. ವಿಂಡೋಸ್ 11 ಕೇಳುವುದು ಬಹುಮಟ್ಟಿಗೆ ಎಂಟನೇ ತಲೆಮಾರಿನಿಂದ ಈಚಿನದು, ಜೊತೆಗೆ ಟಿಪಿಎಂ 2.0 ಎಂಬ ಸುರಕ್ಷಾ ವ್ಯವಸ್ಥೆ ಬೇಕು. ನೋಡಲು ಬಂದ ಹುಡುಗ ‘ಇದು ಮುಗೀತ್ರಿ, ಹೊಸಾದು ತಗೋರಿ’ ಎಂದು ಹೇಳಿ ಹೋಗಿದ್ದ. ಮೇಲಾಗಿ ಅದು ಬಹಳ ನಿಧಾನ, ನಡುವೆ ತಾನಾಗಿ ಆರಿಹೋಗುತ್ತಿತ್ತು, ಬ್ಯಾಂಕಿನ ಪುಟ ತೆರೆಯುತ್ತಿರಲಿಲ್ಲ.

ಅಕ್ಕ ಪ್ರಾಥಮಿಕ ಶಾಲೆಯ ಶಿಕ್ಷಕಿ. ನಾನು ಸ್ಕ್ರೂಡ್ರೈವರ್ ಕೇಳಿದಾಗ, ‘ಬಿಚ್ಚಬ್ಯಾಡೋ ತಮ್ಮಾ, ಅದರಾಗ ನನ್ನ ಸಾಲಿ ಪೇಪರ್ ಎಲ್ಲಾ ಅದಾವ’ ಎಂದಳು. ಹತ್ತನೇ ತರಗತಿಯ ಅಳಿಯ ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕೂತ. ‘ಮಾಮಾ, ಮುಚ್ಚಳಾ ತಗದ್ರ ಕರೆಂಟ್ ಹೊಡಿತೈತೇನ್ರಿ?’ ವೈರು ಕಿತ್ತು, ಆನ್ ಮಾಡುವ ಗುಂಡಿಯನ್ನು ಒಂದೈದು ಸೆಕೆಂಡ್ ಒತ್ತಿ ಹಿಡಿದು ಬಿಟ್ಟರೆ ಹೊಡೆಯುವುದಿಲ್ಲ, ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಎಂದೂ ಬಿಚ್ಚಬಾರದು ಎಂದೆ. ಪೆನ್‌ಡ್ರೈವಿಗೆ ಅಕ್ಕನ ಫೈಲುಗಳೆಲ್ಲ ಇಳಿದ ಮೇಲೇ ಮುಚ್ಚಳಕ್ಕೆ ಕೈ ಹಾಕಿದೆವು.

ಒಳಗೆ ಫ್ಯಾನಿನ ಕೆಳಗೆ ಧೂಳು ಕಂಬಳಿಯ ಹಾಗೆ ಹೆಣೆದುಕೊಂಡಿತ್ತು. ಗದಗಿನ ಗಾಳಿಯನ್ನು ಬಲ್ಲವರಿಗೆ ಹೇಳಬೇಕಿಲ್ಲ, ಎರೆಮಣ್ಣಿನ ಪುಡಿ ಕಿಟಕಿ ಮುಚ್ಚಿದರೂ ಬರುತ್ತದೆ. ಫ್ಯಾನಿನ ನಾಲ್ಕು ಗೂಟ ತಿರುಗಿಸಿ ಎತ್ತಿದರೆ ಪ್ರೊಸೆಸರಿನ ಮೇಲಿನ ಪೇಸ್ಟ್ ಒಣಗಿ ಹಳೆಯ ಸುಣ್ಣದ ಹಕ್ಕಳೆಯಾಗಿತ್ತು. ಆ ಪೇಸ್ಟಿನ ಕೆಲಸ ಒಂದೇ: ಪ್ರೊಸೆಸರಿಗೂ ಮೇಲಿನ ಅಲ್ಯೂಮಿನಿಯಂ ಗಟ್ಟಿಗೂ ನಡುವೆ ಉಳಿಯುವ ಕೂದಲೆಳೆಯ ಸಂದು ತುಂಬಿ ಬಿಸಿಯನ್ನು ದಾಟಿಸುವುದು. ಅದು ಒಣಗಿ, ಧೂಳು ಗಾಳಿಯನ್ನು ತಡೆದಾಗ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ಮೊದಲು ನಿಧಾನವಾಗುತ್ತದೆ, ಆಮೇಲೆ ಆರುತ್ತದೆ. ಅಕ್ಕನ ಮನೆಯಲ್ಲಿ ಆಗುತ್ತಿದ್ದದ್ದೂ ಇಷ್ಟೇ. ಅಳಿಯ ಹಳೆಯ ಪೇಂಟ್ ಬ್ರಷ್ಷಿನಿಂದ ಧೂಳು ತೆಗೆದ. ಹುಬ್ಬಳ್ಳಿಯಿಂದ ತರಿಸಿದ ಪೇಸ್ಟನ್ನು ಬಟಾಣಿ ಕಾಳಿನಷ್ಟು ಅವನ ಕೈಯಿಂದಲೇ ಹಾಕಿಸಿದೆ.

ಬ್ಯಾಂಕಿನ ಪುಟ ತೆರೆಯದ ಕಾರಣ ಇನ್ನೂ ಸಣ್ಣದು. ಕಂಪ್ಯೂಟರ್ ಆರಿಸಿ ಮತ್ತೆ ಹಾಕಿದಾಗಲೆಲ್ಲ ತಾರೀಕು ಹಲವು ವರ್ಷ ಹಿಂದೆ ಹೋಗುತ್ತಿತ್ತು. ಸುರಕ್ಷಿತ ಜಾಲತಾಣಗಳ ಪ್ರಮಾಣಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರುತ್ತದೆ. ಗಡಿಯಾರ ತಪ್ಪಿದ್ದರೆ ಬ್ರೌಸರ್ ಅದನ್ನು ನಂಬುವುದಿಲ್ಲ. ಕಂಪ್ಯೂಟರ್ ಆರಿದ್ದಾಗಲೂ ಗಡಿಯಾರ ನಡೆಸಲು ಬೋರ್ಡಿನ ಮೇಲಿದ್ದ 3 ವೋಲ್ಟಿನ ಸಿಆರ್2032 ಬಟನ್ ಸೆಲ್ ತೀರಿಹೋಗಿತ್ತು. ಗಡಿಯಾರದ ಅಂಗಡಿಯಲ್ಲಿ ಸಿಗುವ ಆ ಬಿಲ್ಲೆಗಾಗಿ ಎರಡು ಸಲ ‘ಫಾರ್ಮ್ಯಾಟ್’ ಮಾಡಿಸಿದ್ದರು, ಅಂದರೆ ಡಿಸ್ಕಿನಲ್ಲಿದ್ದದ್ದನ್ನು ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕಿಸಿದ್ದರು, ಎರಡನೆಯ ಸಲ ಮಗನ ಚಿಕ್ಕಂದಿನ ಫೋಟೋಗಳು ಹೋದವು. ಅಕ್ಕ ಇದನ್ನು ಹೇಳುವಾಗ ದನಿ ಇಳಿದಿತ್ತು. ನಮ್ಮ ಕಡೆ ಎಲ್ಲ ಕಾಯಿಲೆಗೂ ಫಾರ್ಮ್ಯಾಟ್ ಒಂದೇ ಔಷಧ ಎಂಬ ಈ ಪದ್ಧತಿ ಹೋಗಬೇಕು. ಜೊತೆಗೆ ಹಾಕಿಕೊಡುವ ಕಳ್ಳ ವಿಂಡೋಸೂ ಹೋಗಬೇಕು. ಅದನ್ನು ‘ಆಕ್ಟಿವೇಟ್’ ಮಾಡುವ ಪುಟ್ಟ ಪ್ರೋಗ್ರಾಮು ಓಡಬೇಕಾದರೆ ಮೊದಲು ಆ್ಯಂಟಿವೈರಸ್ಸನ್ನೇ ಆರಿಸಬೇಕು. ಮನೆಯ ಕಾವಲುಗಾರನನ್ನು ಕಳಿಸಿ ಗುರುತಿಲ್ಲದವನಿಗೆ ಬೀಗದ ಕೈ ಕೊಟ್ಟ ಹಾಗೆ. ಇದು ಮುಂಬೈಯಲ್ಲೂ ನಡೆಯುತ್ತದೆ, ಅಲ್ಲಿ ನಡೆದರೂ ತಪ್ಪೇ.

ಹಾರ್ಡ್ ಡಿಸ್ಕಿನ ಜಾಗಕ್ಕೆ 256 ಜಿಬಿಯ ಎಸ್‌ಎಸ್‌ಡಿ ಬಂತು, ರ‍್ಯಾಮ್ 4ರಿಂದ 8 ಜಿಬಿಯಾಯಿತು. ಹಳೆಯ ಯಂತ್ರಕ್ಕೆ ಒಂದೇ ಒಂದು ಖರ್ಚು ಮಾಡುವುದಾದರೆ ಎಸ್‌ಎಸ್‌ಡಿಗೆ ಮಾಡಿ. ತಿರುಗುವ ತಟ್ಟೆಯ ಮೇಲೆ ಮುಳ್ಳು ಓಡಾಡಿ ಹುಡುಕುವ ಕೆಲಸವೇ ಅಲ್ಲಿಲ್ಲ, ವ್ಯತ್ಯಾಸ ಮೊದಲ ಸಲ ಆನ್ ಮಾಡಿದಾಗಲೇ ಕಾಣುತ್ತದೆ.

ಇನ್ನು ಒಳಗೆ ಯಾವ ಆಪರೇಟಿಂಗ್ ಸಿಸ್ಟಮ್? ನಮ್ಮವರಿಗೆ ಇದು ಪ್ರಶ್ನೆ ಎಂದೇ ಅನಿಸುವುದಿಲ್ಲ. ಕಂಪ್ಯೂಟರ್ ಎಂದರೆ ವಿಂಡೋಸ್, ಮುಗಿಯಿತು. ಲ್ಯಾಮಿಂಗ್ಟನ್ ರಸ್ತೆಯ ಹಿರಿಯರು ಕೇಳಿದ ಪ್ರಶ್ನೆಯನ್ನೇ ನಾನು ಅಕ್ಕನಿಗೆ ಕೇಳಿದೆ, ಇದರ ಮೇಲೆ ನೀನು ಏನು ಮಾಡುತ್ತೀ? ಪ್ರಶ್ನೆಪತ್ರಿಕೆ, ಇಲಾಖೆಯ ಜಾಲತಾಣ, ಯೂಟ್ಯೂಬ್, ಬ್ಯಾಂಕು. ಅಳಿಯನಿಗೆ ಓದು, ಒಂದೆರಡು ಆಟ. ಇಷ್ಟಕ್ಕೆ ವಿಂಡೋಸಿನ ಬದಲು ಹಾಕಬಹುದಾದ ಲಿನಕ್ಸ್ ಮಿಂಟ್ ಎಂಬ ಸಿಸ್ಟಮ್ ಧಾರಾಳ. 2024ರಲ್ಲಿ ಬಂದ ಮಿಂಟ್ 22ಕ್ಕೆ 2029ರವರೆಗೆ ಅಪ್‌ಡೇಟುಗಳಿವೆ, 4 ಜಿಬಿ ರ‍್ಯಾಮ್ ಇದ್ದರೂ ನಡೆಯುತ್ತದೆ, ದುಡ್ಡು ಕೊಡಬೇಕಿಲ್ಲ. ಎಲ್ಲಕ್ಕಿಂತ ನನಗೆ ಇಷ್ಟವಾದದ್ದು, ಪೆನ್‌ಡ್ರೈವಿನಿಂದಲೇ ಓಡಿಸಿ ನೋಡಬಹುದು. ಸೀರೆಯನ್ನು ಬಿಚ್ಚಿ ಹರವಿ, ಸೆರಗು ನೋಡಿ, ಬೇಡವಾದರೆ ಮಡಚಿ ವಾಪಸ್ ಕೊಡುವ ಹಾಗೆ. ಅಕ್ಕ ಎರಡು ದಿನ ಹಾಗೆಯೇ ಓಡಿಸಿ, ಪ್ರಿಂಟರ್ ನಡೆಯುತ್ತದೆಯೇ ಎಂದು ನೋಡಿ, ಮೂರನೆಯ ದಿನ ‘ಹಾಕೋ’ ಎಂದಳು.

ಅವಳ ಅಂಜಿಕೆ ಕನ್ನಡ ಟೈಪಿಂಗಿನದಾಗಿತ್ತು. ಅವಳ ಬೆರಳಿಗೆ ಕೂತಿರುವುದು ‘ನುಡಿ’ ತಂತ್ರಾಂಶದ ಕೀಲಿಮಣೆ, ಅಂದರೆ ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸದ ದಾರಿ. ಲಿನಕ್ಸಿನ ಕೀಲಿಮಣೆ ಪಟ್ಟಿಯಲ್ಲಿ ಕಗಪ ಎಂಬ ಹೆಸರಲ್ಲಿ ಅದು ಇದೆ, ಆರಿಸಿಕೊಂಡರೆ ಸಾಕು, ಬೇರೆ ತಂತ್ರಾಂಶ ಇಳಿಸಬೇಕಿಲ್ಲ. ತೊಡಕು ಬಂದದ್ದು ಹಳೆಯ ಫೈಲುಗಳಲ್ಲಿ. ತೆರೆದರೆ ಕನ್ನಡವೇ ಇಲ್ಲ, ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಅಕ್ಕನ ಮುಖ ಬಾಡಿತು. ಅವು ಆಸ್ಕಿ ಫಾಂಟಿನಲ್ಲಿ ಬರೆದವು, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿದ್ದು. ಆ ಫಾಂಟ್ ಇಲ್ಲದಿದ್ದರೆ ಕೆಳಗಿನದೇ ಕಾಣುತ್ತದೆ. ಯೂನಿಕೋಡ್‌ನಲ್ಲಿ ಕನ್ನಡಕ್ಕೆಂದೇ 128 ಸ್ಥಾನಗಳು ಮೀಸಲಿವೆ, ಅದರಲ್ಲಿ ಬರೆದದ್ದು ಯಾವ ಯಂತ್ರದಲ್ಲಿ ತೆರೆದರೂ ಕನ್ನಡವೇ. ಎರಡು ಸಂಜೆ ಕೂತು ಎಲ್ಲವನ್ನೂ ಯೂನಿಕೋಡಿಗೆ ಪರಿವರ್ತಿಸಿದೆವು, ಒತ್ತಕ್ಷರ ತಪ್ಪಿದಲ್ಲೆಲ್ಲ ಅಕ್ಕ ಕೈಯಿಂದ ತಿದ್ದಿದಳು. ಮುಂಬೈಯಲ್ಲಿ ನಾನು ಹೋಗುವ ಕನ್ನಡ ಸಂಘದ ಪುಸ್ತಕ ಪಟ್ಟಿಯೂ ಇದೇ ಸ್ಥಿತಿಯಲ್ಲಿದೆ. ಹೊರನಾಡಿನಲ್ಲಿ ಎಷ್ಟೋ ವರ್ಷ ಜತನ ಮಾಡಿದ ಕನ್ನಡ, ಒಂದು ಫಾಂಟ್ ಇಲ್ಲ ಎಂಬ ಕಾರಣಕ್ಕೆ ಓದಲಾಗದೆ ಉಳಿಯುವುದು ನನಗೆ ನಿಜವಾಗಿ ನೋವಿನ ಸಂಗತಿ. ಯಾವ ಸಿಸ್ಟಮ್ ಆರಿಸಿದರೂ ಸರಿ, ಈ ಕೆಲಸ ಮೊದಲು ಮಾಡಿ.

ಎಲ್ಲರೂ ಲಿನಕ್ಸಿಗೇ ಬನ್ನಿ ಎಂದು ನಾನು ಹೇಳುತ್ತಿಲ್ಲ. ಲೆಕ್ಕಪತ್ರ ನನ್ನ ಹೊಟ್ಟೆಪಾಡು, ಟ್ಯಾಲಿ ನಡೆಯಬೇಕು, ಆ ಯಂತ್ರದಲ್ಲಿ ದುಡ್ಡು ಕೊಟ್ಟ ವಿಂಡೋಸೇ ಇದೆ. ಅಳಿಯನ ಒಂದು ಆಟವೂ ಲಿನಕ್ಸಿನಲ್ಲಿ ನಡೆಯಲಿಲ್ಲ, ಅವನಿಗೆ ಬೇಸರವಾಯಿತು. ಕೆಲಸ ನೋಡಿ ಸಿಸ್ಟಮ್ ಆರಿಸಬೇಕು, ಅಂಗಡಿಯವನ ಕೈಯಲ್ಲಿ ಯಾವ ಪೆನ್‌ಡ್ರೈವ್ ಇದೆ ಎಂಬುದರ ಮೇಲಲ್ಲ.

ಊರಿಗೆ ಧೂಳು ಶತ್ರುವಾದರೆ ಮುಂಬೈಗೆ ಸಮುದ್ರದ ಗಾಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ ಬೆವರುತ್ತದೆ, ಉಪ್ಪು ನೀರಾಗುತ್ತದೆ. ಎಂಟು ದಿನ ಮುಟ್ಟದೆ ಬಿಟ್ಟ ಕಂಪ್ಯೂಟರ್ ಹಾಕಿದರೆ ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು. ಹೆಚ್ಚಿನ ಸಲ ರ‍್ಯಾಮಿನ ಬಂಗಾರದ ಹಲ್ಲುಗಳ ಮೇಲೆ ಕಿಲುಬಿನ ತೆಳು ಪೊರೆ ಕೂತಿರುತ್ತದೆ. ಬಿಚ್ಚಿ, ಶಾಲೆಯ ಮಕ್ಕಳ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ ಕೂರಿಸಿದರೆ ಜೀವ ಬರುತ್ತದೆ. ನಮ್ಮ ಬಿಲ್ಡಿಂಗಿನ ಅಜ್ಜಿಯೊಬ್ಬರು ಕೂಡ ಇದನ್ನು ಮಾಡುತ್ತಾರೆ. ಮಳೆಗಾಲದಲ್ಲಿ ಕೆಲಸವಿಲ್ಲದಿದ್ದರೂ ದಿನಕ್ಕೆ ಅರ್ಧ ಗಂಟೆ ಓಡಿಸಿ, ಒಳಗಿನ ಬಿಸಿಗೇ ತೇವ ಆರುತ್ತದೆ.

ಮುಂಬೈ ಕಲಿಯಬೇಕಾದದ್ದೂ ಇದೆ. ಇಲ್ಲಿ ಕರೆಂಟ್ ಹೋಗುವುದಿಲ್ಲ ಎಂಬ ಧೈರ್ಯಕ್ಕೆ ಯುಪಿಎಸ್ ಕೊಳ್ಳುವವರೇ ಕಡಿಮೆ. 2020ರ ಅಕ್ಟೋಬರ್ 12ರ ಬೆಳಗ್ಗೆ ನಗರದ ದೊಡ್ಡ ಭಾಗಕ್ಕೆ ಒಮ್ಮೆಲೇ ಕರೆಂಟ್ ಹೋಯಿತು, ಮನೆಯಿಂದಲೇ ಕಚೇರಿ ಕೆಲಸ ನಡೆಯುತ್ತಿದ್ದ ಕಾಲ. ನಮ್ಮ ಬಿಲ್ಡಿಂಗಿನಲ್ಲಿ ಅರ್ಧ ಮಾಡಿದ ಕೆಲಸ ಕಳೆದುಕೊಂಡವರು ಎಷ್ಟೋ ಜನ. ಅಕ್ಕನ ಮನೆಯಲ್ಲಿ ಯುಪಿಎಸ್ ಇಲ್ಲದೆ ಕಂಪ್ಯೂಟರೇ ಬಂದಿರಲಿಲ್ಲ.

ಆದರೆ ಅದೇ ಮನೆಯಲ್ಲಿ ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ ಎನ್ನುತ್ತಿತ್ತು. ‘ಅದು ಮೊದಲಿಂದ ಹಂಗೇ ಐತಿ’ ಎಂದರು. ಹಾಗೆ ಬಿಡುವ ಮಾತಲ್ಲ. ಎಸ್‌ಎಂಪಿಎಸ್‌ನ ಒಳಗಿನ ಫಿಲ್ಟರಿನಿಂದ ಒಂದಿಷ್ಟು ಕರೆಂಟ್ ಕ್ಯಾಬಿನೆಟ್ಟಿನ ತಗಡಿಗೆ ಬರುತ್ತದೆ, ಅರ್ಥಿಂಗ್ ಇದ್ದರೆ ನೆಲಕ್ಕೆ ಇಳಿದುಹೋಗುತ್ತದೆ, ಇಲ್ಲದಿದ್ದರೆ ನಮ್ಮ ಕೈಗಾಗಿ ಕಾಯುತ್ತದೆ. ಒಳಗೆ ಬೇರೆ ದೋಷವೂ ಸೇರಿದರೆ ಜುಮ್ ಎನ್ನುವಲ್ಲಿಗೆ ನಿಲ್ಲುವುದಿಲ್ಲ. ಸಾಕೆಟ್ಟಿನ ಮೂರನೆಯ ತೂತಿಗೆ ವೈರೇ ಇರಲಿಲ್ಲ. ಪಾಡ್ಯದ ಮರುದಿನ ವಯರ್‌ಮನ್ ಕರೆಸಿ ಹಿತ್ತಲಲ್ಲಿ ಗುಂಡಿ ತೋಡಿಸಿದೆವು, ಇದ್ದಿಲು, ಉಪ್ಪು ಹಾಕಿ ಪೈಪು ಇಳಿಸಿ, ಅಲ್ಲಿಂದ ಸಾಕೆಟ್ಟಿಗೆ ವೈರು ತಂದರು. ಬೇಸಿಗೆಯಲ್ಲಿ ಆ ಗುಂಡಿ ಒಣಗಬಾರದು. ಬೆಳಗ್ಗೆ ತುಳಸಿಗೆ ನೀರು ಹಾಕುವಾಗ ಅದಕ್ಕೂ ಒಂದು ತಂಬಿಗೆ ಹಾಕುವ ಕೆಲಸವನ್ನು ಅಳಿಯ ವಹಿಸಿಕೊಂಡಿದ್ದಾನೆ.